31 ಒಂದುಗಳ ಸಾಲು: 2147483647 ಎಂಬ ಸಂಖ್ಯೆಯ ಒಳಹೊರಗು

ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮಕ್ಕೆ ಬರುವವರ ಹೆಸರು, ಫೋನ್ ನಂಬರ್ ಬರೆದಿಡಲು ನಾನೇ ಒಂದು ಸಣ್ಣ ಡೇಟಾಬೇಸ್ ಮಾಡಿದ್ದೆ. ಎರಡು ದಿನ ಬಿಟ್ಟು ತೆಗೆದು ನೋಡಿದರೆ ಹೆಸರುಗಳೆಲ್ಲ ಸರಿಯಾಗಿದ್ದವು. ಫೋನ್ ನಂಬರ್ ಮಾತ್ರ ಎಲ್ಲರದ್ದೂ ಒಂದೇ: 2147483647. ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಂಡೆ. ಆಮೇಲೆ ನೋಡಿದರೆ ತಪ್ಪು ನನ್ನದೇ. ನಂಬರ್ ಇಡಲು ನಾನು ಕೊಟ್ಟ ಜಾಗ ಚಿಕ್ಕದಾಗಿತ್ತು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೇ 2147483647. ಹತ್ತು ಅಂಕೆಯ ನಂಬರ್ 9ರಿಂದ ಶುರುವಾದರೆ 900 ಕೋಟಿ ದಾಟುತ್ತದೆ ಅಲ್ವಾ? ಅಷ್ಟು ದೊಡ್ಡದು ಬಂದಾಗಲೆಲ್ಲ ಸಾಫ್ಟ್‌ವೇರ್ ಒಂದೂ ಮಾತಾಡದೆ ತನ್ನ ಕೈಲಾದ ದೊಡ್ಡ ಸಂಖ್ಯೆಯನ್ನು ಬರೆದು ಮುಂದೆ ಹೋಗಿತ್ತು.

ಈ ಸಂಖ್ಯೆಯನ್ನು ನೀವೂ ಎಲ್ಲೋ ನೋಡಿರಬಹುದು. ಎಷ್ಟೋ ಗೇಮ್‌ಗಳಲ್ಲಿ ಹಣ ಅಥವಾ ಅಂಕ ಇಲ್ಲಿಗೆ ಬಂದು ನಿಂತುಬಿಡುತ್ತದೆ. '2038ರಲ್ಲಿ ಕಂಪ್ಯೂಟರ್‌ಗಳ ಗಡಿಯಾರ ಕೆಡುತ್ತದೆ' ಎಂಬ ಸುದ್ದಿ ಆಗಾಗ ಓಡಾಡುತ್ತದಲ್ಲ, ಅದರ ಹಿಂದಿರುವುದೂ ಇದೇ. ಆದರೆ ಇದು ಕಂಪ್ಯೂಟರ್ ಹುಟ್ಟಿಸಿದ ಸಂಖ್ಯೆ ಅಲ್ಲ. ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ಮೊದಲೇ, 1772ರ ಹೊತ್ತಿಗೇ, ಗಣಿತದವರ ನಡುವೆ ಇದಕ್ಕೆ ದೊಡ್ಡ ಹೆಸರಿತ್ತು.

ನಮ್ಮ ಲೆಕ್ಕದಲ್ಲಿ ಓದಿದರೆ ಇದು 214 ಕೋಟಿ 74 ಲಕ್ಷ 83 ಸಾವಿರದ 647.

ದುಪ್ಪಟ್ಟಿಗೆ ಒಂದು ಕಮ್ಮಿ

1ನ್ನು ತೆಗೆದುಕೊಂಡು ದುಪ್ಪಟ್ಟು ಮಾಡುತ್ತಾ ಹೋಗಿ. 2, 4, 8, 16, 32. ಹತ್ತನೇ ಸಲಕ್ಕೆ 1024. ಇಪ್ಪತ್ತನೇ ಸಲಕ್ಕೆ 10 ಲಕ್ಷ ದಾಟಿ 1048576. ಮೂವತ್ತನೇ ಸಲಕ್ಕೆ 107 ಕೋಟಿ ದಾಟುತ್ತದೆ. ಮೂವತ್ತೊಂದನೇ ಸಲಕ್ಕೆ 2147483648. ಇದರಲ್ಲಿ ಒಂದು ಕಳೆದರೆ ನಮ್ಮ ಸಂಖ್ಯೆ. ಗಣಿತದಲ್ಲಿ ಇದನ್ನು 2³¹ − 1 ಎಂದು ಬರೆಯುತ್ತಾರೆ. 2ನ್ನು 31 ಸಲ ಇಟ್ಟು ಗುಣಿಸಿ, ಒಂದು ಕಳೆ ಎಂದು ಅರ್ಥ.

ಆ 'ಒಂದು ಕಳೆ' ಯಾಕೆ? 1, 2, 4, 8 ಕೂಡಿಸಿ ನೋಡಿ. 15 ಬರುತ್ತದೆ. ಮುಂದಿನ ದುಪ್ಪಟ್ಟು 16. ಎಲ್ಲಿಯವರೆಗೆ ಕೂಡಿಸಿದರೂ ಹೀಗೇ: ಮೊತ್ತ ಯಾವಾಗಲೂ ಮುಂದಿನ ದುಪ್ಪಟ್ಟಿಗೆ ಒಂದು ಕಮ್ಮಿ. ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಇಡುವ ಹಳೇ ಕತೆ ಗೊತ್ತಲ್ಲ? 31 ಮನೆ ತುಂಬಿದಾಗ ಹಲಗೆಯ ಮೇಲಿರುವ ಕಾಳುಗಳ ಲೆಕ್ಕ ಸರಿಯಾಗಿ 2147483647. ಹಲಗೆಯ ಅರ್ಧವೂ ತುಂಬಿರುವುದಿಲ್ಲ, ಒಂದು ಮನೆ ಬಾಕಿ.

ಕಂಪ್ಯೂಟರ್ ಎಣಿಸುವುದು ಈ ದುಪ್ಪಟ್ಟುಗಳಲ್ಲೇ. ನಾವು ಬಿಡಿ, ಹತ್ತು, ನೂರು, ಸಾವಿರ ಎಂದು ಸ್ಥಾನ ಹಾಕಿಕೊಂಡಂತೆ ಅದು 1, 2, 4, 8 ಎಂದು ಸ್ಥಾನ ಹಾಕಿಕೊಳ್ಳುತ್ತದೆ. ಪ್ರತಿ ಸ್ಥಾನದಲ್ಲಿ 0 ಅಥವಾ 1 ಮಾತ್ರ ಇರಬಹುದು. ಇದಕ್ಕೆ ದ್ವಿಮಾನ ಪದ್ಧತಿ ಎನ್ನುತ್ತಾರೆ. ಒಂದು ಸ್ಥಾನಕ್ಕೆ ಬಿಟ್ ಎಂದು ಹೆಸರು. 15 ಎಂದರೆ 1111, ನಾಲ್ಕೂ ಸ್ಥಾನದಲ್ಲಿ ಒಂದು. 2147483647 ಎಂದರೆ ಸಾಲಾಗಿ 31 ಒಂದುಗಳು. ನಾವು ಬರೆದಾಗ ತಲೆಬುಡ ಇಲ್ಲದಂತೆ ಕಾಣುವ ಸಂಖ್ಯೆ ಅಲ್ಲಿ ಇಷ್ಟು ಅಚ್ಚುಕಟ್ಟು. ಮುಂದೆ ಬರುವ ಎಲ್ಲ ಗುಣಗಳ ಬೇರೂ ಈ ಸಾಲಿನಲ್ಲೇ ಇದೆ.

ಕಂಪ್ಯೂಟರ್ ಇಲ್ಲೇ ಯಾಕೆ ನಿಲ್ಲುತ್ತದೆ?

ಕಂಪ್ಯೂಟರ್ ಒಂದು ಸಂಖ್ಯೆಗೆ ಇಷ್ಟೇ ಜಾಗ ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತದೆ. ಬಹಳ ಕಾಲ ರೂಢಿಯಲ್ಲಿದ್ದ ಅಳತೆ 32 ಬಿಟ್. 32 ಸ್ಥಾನಗಳಲ್ಲಿ 0 ಮತ್ತು 1ನ್ನು ಒಟ್ಟು 4294967296 ರೀತಿಯಲ್ಲಿ ಜೋಡಿಸಬಹುದು. ಆದರೆ ಸಾಲ, ನಷ್ಟ, ಸೊನ್ನೆಗಿಂತ ಕೆಳಗಿನ ತಾಪಮಾನ ಇವಕ್ಕೆಲ್ಲ ಋಣ ಸಂಖ್ಯೆಯೂ ಬೇಕು. ಹಾಗಾಗಿ ಅರ್ಧ ಜೋಡಣೆಗಳನ್ನು ಋಣ ಸಂಖ್ಯೆಗಳಿಗೆ ಬಿಟ್ಟುಕೊಟ್ಟಿದ್ದಾರೆ. ಉಳಿದರ್ಧದಲ್ಲಿ ಸೊನ್ನೆಗೂ ಒಂದು ಬೇಕಲ್ಲ? ಅದಕ್ಕೇ ಕೊನೆಯ ಧನ ಸಂಖ್ಯೆ 2147483648 ಆಗದೆ 2147483647ಕ್ಕೇ ನಿಲ್ಲುತ್ತದೆ.

ಇದಕ್ಕೆ ಇನ್ನೊಂದು ಸೇರಿಸಿದರೆ? ಹಳೇ ಗಾಡಿಯ ಕಿಲೋಮೀಟರ್ ಮೀಟರ್ ನೆನಪಿಸಿಕೊಳ್ಳಿ. 99999 ಆದ ಮೇಲೆ ಅದು 00000 ತೋರಿಸುತ್ತದೆ. ಇಲ್ಲೂ 31 ಒಂದುಗಳು ಮಗುಚಿ ಸೊನ್ನೆಯಾಗುತ್ತವೆ, ಅವುಗಳ ಎಡಕ್ಕಿದ್ದ ಸೊನ್ನೆ ಒಂದಾಗುತ್ತದೆ. ಎಡತುದಿಯಲ್ಲಿ ಒಂದು ಕಂಡರೆ ಅದು ಋಣ ಸಂಖ್ಯೆ ಎಂದು ಕಂಪ್ಯೂಟರ್‌ಗೆ ಹೇಳಿಟ್ಟಿರುತ್ತದೆ. ಹಾಗಾಗಿ 214 ಕೋಟಿ ದಾಟಿದ ಲೆಕ್ಕ ಒಮ್ಮೆಗೇ −2147483648 ಆಗಿಬಿಡಬಹುದು. ನನ್ನ ಡೇಟಾಬೇಸ್ ಹೀಗೆ ಮಗುಚದೆ ಅಂಚಿಗೆ ಬಂದು ನಿಂತಿತ್ತು, ಅಷ್ಟೇ ವ್ಯತ್ಯಾಸ.

2014ರ ಡಿಸೆಂಬರ್‌ನಲ್ಲಿ ಒಂದು ಕೊರಿಯನ್ ಹಾಡಿನ ವಿಡಿಯೋ ಯೂಟ್ಯೂಬ್‌ನಲ್ಲಿ ಈ ಗಡಿ ದಾಟಿ ದೊಡ್ಡ ಸುದ್ದಿಯಾಯಿತು. ಒಂದು ವಿಡಿಯೋವನ್ನು ಇಷ್ಟು ಸಲ ನೋಡುತ್ತಾರೆ ಎಂದು ಶುರುವಿನಲ್ಲಿ ಯಾರೂ ಎಣಿಸಿರಲಿಲ್ಲ. ಈಗ ಅಲ್ಲಿ ಎಣಿಕೆಗೆ 64 ಬಿಟ್ ಜಾಗ ಇದೆ. ಅದರ ಗಡಿ 9223372036854775807.

2038ರ ಜನವರಿ 19

ತುಂಬಾ ಕಂಪ್ಯೂಟರ್‌ಗಳು ದಿನಾಂಕವನ್ನು ದಿನಾಂಕವಾಗಿ ಇಟ್ಟುಕೊಳ್ಳುವುದಿಲ್ಲ. 1970ರ ಜನವರಿ 1, ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡ್ ಆಯಿತು ಎಂಬ ಒಂದೇ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತವೆ. ಈ ಸೆಕೆಂಡುಗಳಿಗೆ 32 ಬಿಟ್ ಜಾಗ ಕೊಟ್ಟಿದ್ದರೆ ಎಲ್ಲಿಯವರೆಗೆ ನಡೆಯುತ್ತದೆ? ಲೆಕ್ಕ ಕಷ್ಟವೇನಿಲ್ಲ. ಒಂದು ದಿನಕ್ಕೆ 86400 ಸೆಕೆಂಡ್. 2147483647ನ್ನು ಇದರಿಂದ ಭಾಗಿಸಿದರೆ 24855 ದಿನ, ಮೇಲೆ 11647 ಸೆಕೆಂಡ್. 1970ರಿಂದ 68 ವರ್ಷಕ್ಕೆ, ಅಧಿಕ ವರ್ಷಗಳ 17 ದಿನವೂ ಸೇರಿ, 24837 ದಿನ. ಅಲ್ಲಿಗೆ 2038ರ ಜನವರಿ 1. ಇನ್ನು 18 ದಿನ ಸೇರಿಸಿದರೆ ಜನವರಿ 19. ಉಳಿದ 11647 ಸೆಕೆಂಡ್ ಎಂದರೆ 3 ಗಂಟೆ 14 ನಿಮಿಷ 7 ಸೆಕೆಂಡ್.

ವಿಶ್ವ ಸಮಯದ ಪ್ರಕಾರ ಆ ಕ್ಷಣ ಕಳೆದ ಕೂಡಲೇ ಸರಿಪಡಿಸದ ಯಂತ್ರದಲ್ಲಿ ಲೆಕ್ಕ ಮಗುಚುತ್ತದೆ. ಗಡಿಯಾರ 1901ರ ಡಿಸೆಂಬರ್ 13 ಎಂದು ತೋರಿಸುತ್ತದೆ. ಈಗಿನ ಮೊಬೈಲ್, ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು 64 ಬಿಟ್‌ಗೆ ಬಂದಾಗಿದೆ, ಆ ಲೆಕ್ಕ ಸುಮಾರು 29,200 ಕೋಟಿ ವರ್ಷ ಸಾಲುತ್ತದೆ. ನಿಜವಾದ ತಲೆನೋವು ಒಮ್ಮೆ ಕೂರಿಸಿ ಮರೆತುಬಿಟ್ಟ ಸಣ್ಣ ಯಂತ್ರಗಳದ್ದು, ಹಳೇ ಫೈಲುಗಳದ್ದು.

ಇದು ಅವಿಭಾಜ್ಯ, ಅಂದರೆ?

ಈಗ ಕಂಪ್ಯೂಟರ್ ಪಕ್ಕಕ್ಕಿಡೋಣ. 12ನ್ನು 3 × 4 ಎಂದು ಒಡೆಯಬಹುದು. 13ನ್ನು ಹಾಗೆ ಒಡೆಯಲು ಬರುವುದಿಲ್ಲ, 1 × 13 ಬಿಟ್ಟರೆ ಬೇರೆ ದಾರಿಯಿಲ್ಲ. 13ರಂಥವು ಅವಿಭಾಜ್ಯ ಸಂಖ್ಯೆಗಳು. 13 ಬೀಜಗಳನ್ನು ಸಮನಾದ ಸಾಲುಗಳಲ್ಲಿ ಚೌಕಟ್ಟಾಗಿ ಜೋಡಿಸಲು ಹೋದರೆ ಆಗುವುದಿಲ್ಲ, ಒಂದೇ ಉದ್ದ ಸಾಲು ಮಾಡಬೇಕು. 2147483647 ಬೀಜಗಳಿದ್ದರೂ ಅದೇ ಗತಿ. ಅದು ಅವಿಭಾಜ್ಯ.

ಒಂದುಗಳ ಸಾಲೆಲ್ಲ ಅವಿಭಾಜ್ಯ ಅಂದುಕೊಳ್ಳಬೇಡಿ. ಆರು ಒಂದುಗಳ ಸಾಲು ನೋಡಿ: 111111, ನಮ್ಮ ಲೆಕ್ಕದ 63. ಆರನ್ನು ಮೂರು ಮೂರರ ಎರಡು ಗುಂಪಾಗಿ ಒಡೆಯಬಹುದು: 111 111. ಅಂದರೆ 111ರಿಂದ ಇದನ್ನು ಭಾಗಿಸಬಹುದು. 111 ಎಂದರೆ 7, ಮತ್ತು 63 = 7 × 9. ಸಾಲಿನ ಉದ್ದ ಸಮ ಗುಂಪುಗಳಾಗಿ ಒಡೆಯುವಂತಿದ್ದರೆ ಸಂಖ್ಯೆಯೂ ಒಡೆಯುತ್ತದೆ. ಹಾಗಾಗಿ ಸಾಲಿನ ಉದ್ದವೇ ಅವಿಭಾಜ್ಯ ಆಗಿರಬೇಕು. ಯೂಟ್ಯೂಬ್‌ನ ಆ 64 ಬಿಟ್ ಗಡಿ 63 ಒಂದುಗಳ ಸಾಲು, ಅದನ್ನು ಸುಮ್ನೆ 7ರಿಂದ ಭಾಗಿಸಿಬಿಡಬಹುದು. 16 ಬಿಟ್‌ನ ಗಡಿ 32767 ಕೂಡ ಒಡೆಯುತ್ತದೆ: 7 × 31 × 151. 32 ಬಿಟ್‌ನ ಗಡಿಯಲ್ಲಿ 31 ಒಂದುಗಳು. 31 ಅವಿಭಾಜ್ಯ. ಬಾಗಿಲು ತೆರೆದಿದೆ ಎಂದಾಯಿತು.

ತೆರೆದಿದೆ ಅಷ್ಟೇ. ಉದ್ದ ಅವಿಭಾಜ್ಯವಾದರೆ ಸಾಕು ಎಂದಿದ್ದರೆ ಕೆಲಸ ಸುಲಭವಾಗುತ್ತಿತ್ತು. 11 ಅವಿಭಾಜ್ಯ, ಆದರೆ 11 ಒಂದುಗಳ ಸಾಲು 2047 = 23 × 89. ಇಂಥ ಸಾಲುಗಳಲ್ಲಿ ಯಾವುದು ಅವಿಭಾಜ್ಯ, ಯಾವುದು ಅಲ್ಲ ಎಂದು ದೊಡ್ಡ ದೊಡ್ಡವರೇ ಎಡವಿದ್ದಾರೆ. ಇಟಲಿಯ ಕತಾಲ್ದಿ 17 ಮತ್ತು 19ರ ಉದ್ದದವನ್ನು ಸರಿಯಾಗಿ ಸಾಧಿಸಿದ. ಆಮೇಲೆ 23, 29, 31, 37ರವೂ ಅವಿಭಾಜ್ಯವೇ ಎಂದ. ಅದರಲ್ಲಿ 31 ಮಾತ್ರ ನಿಜವಾಯಿತು. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರೆನ್ ಮರ್ಸೆನ್ 257ರವರೆಗಿನ ಪಟ್ಟಿಯನ್ನೇ ಕೊಟ್ಟ: 2, 3, 5, 7, 13, 17, 19, 31, 67, 127, 257. ಇದರಲ್ಲಿ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿದ್ದವು. ಇಷ್ಟು ತಪ್ಪಿದ್ದರೂ ಇಂಥ ಸಂಖ್ಯೆಗಳಿಗೆ ಇವತ್ತಿಗೂ ಮರ್ಸೆನ್ ಸಂಖ್ಯೆಗಳೆಂದೇ ಹೆಸರು. 67ರ ತಪ್ಪಿಗೆ ಎರಡು ಅಪವರ್ತನಗಳನ್ನು ತೋರಿಸಿದ್ದು 1903ರಲ್ಲಿ, ಅಮೆರಿಕದ ಫ್ರಾಂಕ್ ಕೋಲ್. ಆತ ಸಭೆಯಲ್ಲಿ ಬಾಯಿ ಬಿಡದೆ ಬೋರ್ಡಿನ ಮೇಲೆ 193707721 × 761838257287 ಗುಣಿಸಿ ತೋರಿಸಿ ಹೋಗಿ ಕೂತ.

31ರದ್ದು ಮಾತ್ರ ಅಷ್ಟು ಕಾಯಬೇಕಾಗಲಿಲ್ಲ.

ಆಯ್ಲರ್ ಹಿಡಿದ ಜರಡಿ

ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ತಿಳಿಯುವ ನೇರ ದಾರಿ ಒಂದೊಂದಾಗಿ ಭಾಗಿಸಿ ನೋಡುವುದು. ಎಲ್ಲಿಯವರೆಗೆ? ಅದರ ವರ್ಗಮೂಲದವರೆಗೆ ಸಾಕು. ಎರಡು ಅಪವರ್ತನಗಳಲ್ಲಿ ಒಂದಾದರೂ ವರ್ಗಮೂಲವನ್ನು ದಾಟಲಾರದು, ಎರಡೂ ದಾಟಿದರೆ ಗುಣಲಬ್ಧವೇ ಜಾಸ್ತಿಯಾಗುತ್ತದೆ. ನಮ್ಮ ಸಂಖ್ಯೆಯ ವರ್ಗಮೂಲ 46340 ಚಿಲ್ಲರೆ. ಅಲ್ಲಿಯವರೆಗೆ 4,800ರ ಹತ್ತಿರ ಅವಿಭಾಜ್ಯಗಳಿವೆ. ಕೈಯಲ್ಲಿ ಅಷ್ಟು ಭಾಗಾಕಾರ ಮಾಡುವುದು ಯಾರಿಗೂ ಬೇಡದ ಕೆಲಸ.

ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿದ ಲಿಯೊನಾರ್ಡ್ ಆಯ್ಲರ್ ಆಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ. ಎರಡೂ ಕಣ್ಣು ಹೆಚ್ಚುಕಮ್ಮಿ ಹೋಗಿದ್ದವು. 1772ರಲ್ಲಿ ಗಣಿತಜ್ಞ ಬರ್ನೂಲಿಗೆ ಬರೆದ ಪತ್ರದಲ್ಲಿ 2147483647 ಅವಿಭಾಜ್ಯ ಎಂದು ತಿಳಿಸಿದ. ಆತ ಮಾಡಿದ್ದು ಇಷ್ಟು: ಭಾಗಿಸಿ ನೋಡಬೇಕಾದ ಸಂಖ್ಯೆಗಳನ್ನೇ ಮೊದಲು ಜರಡಿ ಹಿಡಿದ.

ಆ ಜರಡಿ ಹೇಗೆ ಕೆಲಸ ಮಾಡುತ್ತದೆ ಎಂದು ಚಿಕ್ಕ ಸಂಖ್ಯೆಯಲ್ಲಿ ನೋಡೋಣ. 2047ನ್ನು 23 ಭಾಗಿಸುತ್ತದೆ ಎಂದೆನಲ್ಲ. 23 ಮನೆಗಳ ಒಂದು ಗಡಿಯಾರ ಇದೆ ಎಂದುಕೊಳ್ಳಿ, 0ಯಿಂದ 22ರವರೆಗೆ. 1ರಿಂದ ಹೊರಟು ದುಪ್ಪಟ್ಟು ಮಾಡುತ್ತಾ ಹೋಗಿ, 23 ದಾಟಿದರೆ 23 ಕಳೆಯಿರಿ. 1, 2, 4, 8, 16. ಮುಂದೆ 32 ಆಗಬೇಕು, 23 ಕಳೆದರೆ 9. ಆಮೇಲೆ 18, 13, 3, 6, 12. ಮತ್ತೆ 24, ಅಂದರೆ 1. ಹನ್ನೊಂದು ಹೆಜ್ಜೆಗೆ ಹೊರಟಲ್ಲಿಗೇ ಬಂದೆವು. ಇದು ಆಕಸ್ಮಿಕ ಅಲ್ಲ. 2047 ಎಂದರೆ 2¹¹ − 1. ಅದನ್ನು 23 ಶೇಷವಿಲ್ಲದೆ ಭಾಗಿಸುತ್ತದೆ ಎಂದರೆ 2¹¹ಕ್ಕೆ ಶೇಷ 1 ಎಂದೇ ಅರ್ಥ.

ಈ ಸುತ್ತಿನಲ್ಲಿ ಸಿಗದ ಮನೆಗಳೂ ಇವೆ. 5 ಸಿಗಲಿಲ್ಲ. ಅಲ್ಲಿಂದ ಹೊರಡಿ: 5, 10, 20, 17, 11, 22, 21, 19, 15, 7, 14, ಮತ್ತೆ 5. ಇದೂ ಹನ್ನೊಂದೇ. ಸೊನ್ನೆ ಬಿಟ್ಟು ಉಳಿದ 22 ಮನೆಗಳು ಹನ್ನೊಂದು ಹನ್ನೊಂದರ ಎರಡು ಬಳೆಗಳಾಗಿ ಪೂರ್ತಿ ಹಂಚಿಹೋದವು. ಒಂದೂ ಮಿಗಲಿಲ್ಲ.

ಈಗ ದೊಡ್ಡದಕ್ಕೆ ಬನ್ನಿ. ಯಾವುದೋ ಅವಿಭಾಜ್ಯ 2³¹ − 1ನ್ನು ಭಾಗಿಸುತ್ತದೆ ಎಂದುಕೊಳ್ಳೋಣ. ಅದರ ಗಡಿಯಾರದಲ್ಲಿ ಬಳೆಗಳ ಉದ್ದ 31 ಇರಲೇಬೇಕು. ಅದಕ್ಕಿಂತ ಚಿಕ್ಕ ಬಳೆಯಾಗಿದ್ದರೆ ಅದರ ಉದ್ದ 31ನ್ನು ಸರಿಯಾಗಿ ಭಾಗಿಸಬೇಕಿತ್ತು, 31 ಅದಕ್ಕೆ ಜಗ್ಗುವುದಿಲ್ಲ. ಹಾಗಾದರೆ ಸೊನ್ನೆ ಬಿಟ್ಟು ಉಳಿದ ಮನೆಗಳ ಲೆಕ್ಕ 31ರ ಮಗ್ಗಿಯಲ್ಲಿ ಬರಬೇಕು. ಆ ಲೆಕ್ಕ ಸಮಸಂಖ್ಯೆಯೂ ಹೌದು, ಏಕೆಂದರೆ ಭಾಗಿಸುವ ಅವಿಭಾಜ್ಯ ಬೆಸ. ಎರಡೂ ಸೇರಿದರೆ 62ರ ಮಗ್ಗಿ. ಅಂದರೆ 2147483647ಕ್ಕೆ ಅಪವರ್ತನ ಇದ್ದರೆ ಅದು 62ರ ಮಗ್ಗಿಯ ಯಾವುದೋ ಸಂಖ್ಯೆಗೆ ಒಂದು ಕೂಡಿಸಿದ್ದೇ ಆಗಿರಬೇಕು. ಇನ್ನೊಂದು ನಿಯಮವೂ ಇದೆ, ಅದರ ಸಾಧನೆ ಉದ್ದ, ಇಲ್ಲಿ ಬಿಡುತ್ತೇನೆ: ಆ ಅಪವರ್ತನವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಎರಡು ಜರಡಿ ಒಟ್ಟಿಗೆ ಹಿಡಿದರೆ ಉಳಿಯುವುದು 248ರ ಮಗ್ಗಿಗೆ 1 ಅಥವಾ 63 ಕೂಡಿಸಿದ ಸಂಖ್ಯೆಗಳು ಮಾತ್ರ.

46340ರವರೆಗೆ ಅಂಥವು 372. 63ನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅದು ನೋಡಿದ ಕೂಡಲೇ 3ರಿಂದ ಒಡೆಯುತ್ತದೆ. ಉಳಿದ 372ರಲ್ಲೂ ಎಷ್ಟೋ ತಾವೇ ಒಡೆದುಹೋಗುತ್ತವೆ. ಮೊದಲ ಹತ್ತನ್ನು ನೋಡಿ: 249, 311, 497, 559, 745, 807, 993, 1055, 1241, 1303. 249ನ್ನು 3 ಒಡೆಯುತ್ತದೆ, 497ನ್ನು 7, 559ನ್ನು 13, 745ನ್ನು 5. ಇವನ್ನೆಲ್ಲ ಬಿಟ್ಟರೆ ಹತ್ತರಲ್ಲಿ ಎರಡೇ ಉಳಿಯುತ್ತವೆ, 311 ಮತ್ತು 1303. 2147483647ನ್ನು 311ರಿಂದ ಭಾಗಿಸಿದರೆ ಶೇಷ 35. 1303ರಿಂದ ಭಾಗಿಸಿದರೆ ಶೇಷ 226. ಎರಡೂ ಭಾಗಿಸುವುದಿಲ್ಲ. ಕೊನೆಯವರೆಗೂ ಹೀಗೇ ಹೋದರೆ ನಿಜವಾಗಿ ಮಾಡಬೇಕಾದ ಭಾಗಾಕಾರ ನೂರಕ್ಕಿಂತ ಕಮ್ಮಿ. ಯಾವುದರಿಂದಲೂ ಶೇಷ ಸೊನ್ನೆ ಬರುವುದಿಲ್ಲ. 4,800 ಭಾಗಾಕಾರಗಳ ಕೆಲಸವನ್ನು ಇಷ್ಟಕ್ಕೆ ಇಳಿಸಿದ್ದು ಇಡೀ ಕತೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ.

ಆಮೇಲೆ ಎಷ್ಟೋ ದಶಕ ಇದೇ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯವಾಗಿ ಉಳಿಯಿತು. 1867ರಲ್ಲಿ ಫ್ರಾನ್ಸಿನ ಲಾಂಡ್ರಿ 3203431780337 ಎಂಬ ಇನ್ನೂ ದೊಡ್ಡದನ್ನು ಕಂಡುಹಿಡಿದ.

ಇವತ್ತಾದರೆ ಭಾಗಿಸುವ ಗೋಜೇ ಇಲ್ಲ. ಲ್ಯೂಕಾ ಶುರುಮಾಡಿ ಲೆಹ್ಮರ್ ತಿದ್ದಿದ ಒಂದು ಪರೀಕ್ಷೆ ಇದೆ. 4ರಿಂದ ಹೊರಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಸಾಲಿನಲ್ಲಿ ಎಷ್ಟು ಒಂದುಗಳಿವೆಯೋ ಅದಕ್ಕೆ ಎರಡು ಕಮ್ಮಿ ಸಲ ಹೀಗೆ ಮಾಡಿ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. ಐದು ಒಂದುಗಳ 31ಕ್ಕೆ ಮೂರು ಸಲ ಸಾಕು: 4ರಿಂದ 14. 14ರಿಂದ 194, ಶೇಷ 8. 8ರಿಂದ 62, ಶೇಷ ಸೊನ್ನೆ. ಮುಗಿಯಿತು. 2147483647ಕ್ಕೆ 29 ಸಲ ಮಾಡಬೇಕು, ಕಂಪ್ಯೂಟರ್‌ಗೆ ಕಣ್ಣು ಮಿಟುಕಿಸುವಷ್ಟೂ ಹೊತ್ತಾಗುವುದಿಲ್ಲ.

ಜೊತೆಗೊಂದು ಪರಿಪೂರ್ಣ ಸಂಖ್ಯೆ

6ನ್ನು ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳು 1, 2, 3. ಕೂಡಿಸಿದರೆ 6. ಹೀಗೆ ತನ್ನ ಭಾಜಕಗಳ ಮೊತ್ತ ತಾನೇ ಆಗುವುದು ಪರಿಪೂರ್ಣ ಸಂಖ್ಯೆ. ಇವು ಬಹಳ ಅಪರೂಪ: 6, 28, 496, 8128, ಆಮೇಲೆ ಒಮ್ಮೆಗೇ ಮೂರು ಕೋಟಿ ದಾಟಿ ಹೋಗಬೇಕು. ಒಂದುಗಳ ಸಾಲು ಅವಿಭಾಜ್ಯವಾದಾಗಲೆಲ್ಲ ಅದರ ಜೊತೆಗೆ ಒಂದು ಪರಿಪೂರ್ಣ ಸಂಖ್ಯೆ ಸಿಗುತ್ತದೆ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತೋರಿಸಿದ್ದ. 7ರಿಂದ 28 ಹುಟ್ಟುತ್ತದೆ, 4 × 7. ಅದರ ಭಾಜಕಗಳನ್ನು ಎರಡು ಗುಂಪು ಮಾಡಿ. 1, 2, 4 ಕೂಡಿಸಿದರೆ 7. ಇನ್ನೊಂದು ಗುಂಪು 7 ಮತ್ತು 14. ಒಟ್ಟು 7, 7, 14, ಅಂದರೆ 28. ಮೊದಲ ಗುಂಪಿನ ದುಪ್ಪಟ್ಟುಗಳ ಮೊತ್ತ ಸರಿಯಾಗಿ ಆ ಅವಿಭಾಜ್ಯವೇ ಆಗುವುದರಿಂದ ಲೆಕ್ಕ ಕೂಡಿಬರುತ್ತದೆ. ಚದುರಂಗದ ಕಾಳಿನ ಲೆಕ್ಕವೇ ಇದು.

ನಮ್ಮ ಸಂಖ್ಯೆಯಿಂದ ಹುಟ್ಟುವುದು 1073741824 × 2147483647, ಅಂದರೆ 2305843008139952128. ಇದು ಎಂಟನೇ ಪರಿಪೂರ್ಣ ಸಂಖ್ಯೆ. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ಇದರ ಬಗ್ಗೆ ಬರೆಯುತ್ತಾ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಬಹುಶಃ ಯಾವತ್ತೂ ಸಿಗಲಾರದು, ಉಪಯೋಗವಿಲ್ಲದ ಇಂಥದ್ದನ್ನು ಹುಡುಕಲು ಯಾರು ಹೋಗುತ್ತಾರೆ ಎಂದಿದ್ದ. ಜನ ಹೋದರು. ಇವತ್ತಿಗೂ ಹೋಗುತ್ತಲೇ ಇದ್ದಾರೆ.

ಕಂಪ್ಯೂಟರ್ ದಾಳ ಹಾಕುವಾಗ

ಗೇಮ್‌ಗಳಿಗೆ, ಪ್ರಯೋಗಗಳಿಗೆ ಕಂಪ್ಯೂಟರ್ ಆಗಾಗ ದಾಳ ಹಾಕಬೇಕಾಗುತ್ತದೆ. ಆದರೆ ಅದಕ್ಕೆ ಲೆಕ್ಕ ಬಿಟ್ಟು ಬೇರೇನೂ ಬರುವುದಿಲ್ಲ. ಹಾಗಾಗಿ ಲೆಕ್ಕದಿಂದಲೇ ಕ್ರಮವಿಲ್ಲದಂತೆ ಕಾಣುವ ಸಂಖ್ಯೆಗಳನ್ನು ಹುಟ್ಟಿಸಬೇಕು. ಲೆಹ್ಮರ್ ಹೇಳಿಕೊಟ್ಟ ಒಂದು ಉಪಾಯ ತುಂಬಾ ಸರಳ: ಕೈಯಲ್ಲಿರುವ ಸಂಖ್ಯೆಯನ್ನು ಒಂದು ಗೊತ್ತಾದ ಸಂಖ್ಯೆಯಿಂದ ಗುಣಿಸು, ಇನ್ನೊಂದರಿಂದ ಭಾಗಿಸು, ಶೇಷ ಇಟ್ಟುಕೋ, ಮತ್ತೆ ಅದನ್ನೇ ಮಾಡು.

7ರ ಗಡಿಯಾರದಲ್ಲಿ 3ರಿಂದ ಗುಣಿಸುತ್ತಾ ಹೋದರೆ 3, 2, 6, 4, 5, 1 ಬರುತ್ತದೆ. ಸೊನ್ನೆ ಬಿಟ್ಟು ಎಲ್ಲ ಮನೆಗೂ ಒಂದೊಂದು ಸಲ ಹೋಗಿಬಂದೆವು, ಅದೂ ಅಡ್ಡಾದಿಡ್ಡಿಯಾಗಿ. ಅದೇ 8ರ ಗಡಿಯಾರದಲ್ಲಿ 2ರಿಂದ ಗುಣಿಸಿ ನೋಡಿ: 2, 4, 0. ಸೊನ್ನೆಗೆ ಬಿದ್ದರೆ ಅಲ್ಲೇ ಬಿದ್ದಿರುತ್ತದೆ. ಅವಿಭಾಜ್ಯದ ಗಡಿಯಾರದಲ್ಲಿ ಈ ಹಳ್ಳ ಇಲ್ಲ. 32 ಬಿಟ್ ಯಂತ್ರಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಅದರ ಗಡಿಯೇ ಅವಿಭಾಜ್ಯ. 1969ರಲ್ಲಿ ಐಬಿಎಂ ಯಂತ್ರಗಳಿಗಾಗಿ 2147483647ನ್ನು ಭಾಜಕವಾಗಿಯೂ 16807ನ್ನು ಗುಣಕವಾಗಿಯೂ ಇಟ್ಟುಕೊಂಡ ವಿಧಾನ ಬಂತು. 16807 ಎಂದರೆ 7ನ್ನು ಐದು ಸಲ ಇಟ್ಟು ಗುಣಿಸಿದ್ದು. 1ರಿಂದ ಹೊರಟರೆ 16807, ಆಮೇಲೆ 282475249, ಆಮೇಲೆ 1622650073. ಹೀಗೆ 2147483646 ಸಂಖ್ಯೆಗಳೂ ಮುಗಿದ ಮೇಲಷ್ಟೇ ಮತ್ತೆ 1 ಬರುತ್ತದೆ. ಈಗಿನ ಅಳತೆಗೆ ಈ ದಾಳ ಸ್ವಲ್ಪ ಹಳತು, ಗುಟ್ಟು ಕಾಯುವ ಕೆಲಸಕ್ಕಂತೂ ಬಳಸಲೇಬಾರದು. ಆದರೂ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೆ ಇವತ್ತಿಗೂ ಬರುತ್ತದೆ.

ಸಾಲಿನ ಮೇಲೆ ಸಾಲು

31 ಕೂಡ ಒಂದುಗಳದೇ ಸಾಲು, ಗಮನಿಸಿದಿರಾ? ದ್ವಿಮಾನದಲ್ಲಿ ಅದು 11111, ಐದು ಒಂದುಗಳು. ಅಂದರೆ ಐದು ಒಂದುಗಳ ಸಾಲು 31 ಅವಿಭಾಜ್ಯ, 31 ಒಂದುಗಳ ಸಾಲು 2147483647 ಅವಿಭಾಜ್ಯ. ಹಾಗಾದರೆ 2147483647 ಒಂದುಗಳ ಸಾಲು?

ಆ ಸಂಖ್ಯೆಯನ್ನು ನಮ್ಮ ರೀತಿಯಲ್ಲಿ ಬರೆದರೆ 64 ಕೋಟಿಗೂ ಜಾಸ್ತಿ ಅಂಕೆಗಳಾಗುತ್ತವೆ. 2024ರ ಅಕ್ಟೋಬರ್‌ನಲ್ಲಿ ದಾಖಲೆ ಮಾಡಿದ ಅವಿಭಾಜ್ಯವೂ ಒಂದುಗಳ ಸಾಲೇ, 136279841 ಒಂದುಗಳದ್ದು. ಅದಕ್ಕೆ ನಾಲ್ಕು ಕೋಟಿ ಚಿಲ್ಲರೆ ಅಂಕೆ. ಇದರ ಮುಂದೆ ಅದು ಏನೂ ಅಲ್ಲ. ಇಷ್ಟು ದೊಡ್ಡದನ್ನು ನೇರವಾಗಿ ಪರೀಕ್ಷಿಸಲು ಹೋದರೆ ಬಲು ದೊಡ್ಡ ಕೆಲಸ. ಆದರೂ ಇದು ಅವಿಭಾಜ್ಯ ಅಲ್ಲ ಎಂದು 1980ರ ದಶಕದಲ್ಲೇ ಗೊತ್ತಾಗಿದೆ. ಗೊತ್ತಾಗಿದ್ದು ಅದೇ ಹಳೇ ಜರಡಿಯಿಂದ. ಅಪವರ್ತನ ಇದ್ದರೆ ಅದು 2147483647ರ ಎರಡರಷ್ಟರ ಮಗ್ಗಿಗೆ ಒಂದು ಕೂಡಿಸಿದ್ದೇ ಆಗಿರಬೇಕು. ಆ ಮಗ್ಗಿಯಲ್ಲಿ 68745ನೇ ಸಾಲಿಗೆ ಹೋಗಿ ಒಂದು ಕೂಡಿಸಿ: 295257526626031. ಅದು ಭಾಗಿಸುತ್ತದೆ.